ಹೆಚ್ಚು ಜನ ನೋಡಿದ ಚಂದ್ರ

ನಮ್ಮೂರಿನ ಆಕಾಶ, ಊರಿನಲ್ಲಿ ಅಂದಂದಿಗೆ ಹೆಚ್ಚು ಜನ ತೆರೆದು ನೋಡಿದ ಪುಟದ ಮಾತು ಕೇಳುತ್ತದೆ. ಬೇರೆ ಊರುಗಳ ಆಕಾಶ ಯಾರ ಮಾತು ಕೇಳುತ್ತದೆಯೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಬರೆಯುವುದಿಲ್ಲ. ಹಿಂದೆ ಅದು ಪಂಚಾಂಗ ಮತ್ತು ಶಾಲೆಯ ವಿಜ್ಞಾನ ಪುಸ್ತಕ ಇವೆರಡನ್ನೂ ನೋಡಿಕೊಂಡು, ಯಾರಿಗೂ ಬೇಸರವಾಗದಂತೆ ಹೊಂದಿಕೊಂಡು ಹೋಗುತ್ತಿತ್ತು. ಆಮೇಲೆ ಮನೆಮನೆಗೆ ಮೊಬೈಲು ಬಂತು. ಊರಿನ ವಾಚನಾಲಯದಲ್ಲಿ ಕೆಲಸಕ್ಕಿದ್ದ ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ್ದೇನೆಂಬ ಒಂದೇ ಕಾರಣಕ್ಕೆ, ಆಕಾಶದ ಬಗ್ಗೆ ಜನ ಎಲ್ಲಿ ಏನು ಓದಬೇಕೆಂದು ಹೇಳುವ ಜಾಲಪುಟವೊಂದನ್ನು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಫೋನನ್ನು ಮೇಲೆತ್ತಿ ಹಿಡಿದರೆ ಎದುರಿಗಿರುವ ನಕ್ಷತ್ರದ ಹೆಸರು ಹೇಳುವ ಆ್ಯಪ್ ಎಲ್ಲಿ ಬಿಟ್ಟಿ ಸಿಗುತ್ತದೆ, ದೊಡ್ಡ ದೂರದರ್ಶಕಗಳು ತೆಗೆದ ಚಿತ್ರಗಳು ಯಾವ ತಾಣದಲ್ಲಿವೆ, ಗ್ರಹಣದ ಪಾಠ ಹೇಳುವ ವಿಡಿಯೊಗಳಲ್ಲಿ ಯಾವುದನ್ನು ನೋಡಬೇಕು, ಯಾವುದನ್ನು ನೋಡಬಾರದು, ಇವನ್ನೆಲ್ಲ ಹುಡುಕಿ, ಓದಿ, ಪರೀಕ್ಷಿಸಿ ಹಾಕುತ್ತಿದ್ದೆ. ಜೊತೆಗೆ ಆ ದಿನದ ಆಕಾಶದ ಬಗ್ಗೆ ನಾಲ್ಕು ಸಾಲು.

ಆ ನಾಲ್ಕು ಸಾಲು ಬರೆಯುವಾಗ ನನ್ನ ಅಂಗೈ ಬೆವರುತ್ತಿತ್ತು. ಬೇರೆಯವರ ತಪ್ಪು ಕಾಗದದ ಮೇಲೆ ಉಳಿಯುತ್ತದೆ. ನನ್ನ ತಪ್ಪು ಸಂಜೆ ಏಳು ಗಂಟೆಗೆ ಊರಿನವರೆಲ್ಲರ ನೆತ್ತಿಯ ಮೇಲೆ ಮೂಡುತ್ತಿತ್ತು. ಒಮ್ಮೆ ಶುಕ್ರ ಗ್ರಹ ಸಂಜೆ ಹೊತ್ತು ಬಹುಶಃ ಕಾಣಿಸೀತು ಎಂದು ಬರೆದುಬಿಟ್ಟಿದ್ದೆ. ಆ ವಾರವೆಲ್ಲ ಶುಕ್ರ ಪಡುವಣದಲ್ಲಿ ಬರಲೋ ಬೇಡವೋ ಎಂದು ಅರ್ಧ ಬಂದು, ತಡವರಿಸಿ, ವಾಪಸು ಹೋಗುತ್ತಿತ್ತು. ಅಂದಿನಿಂದ ಪ್ರತಿ ವಾಕ್ಯವನ್ನೂ ಮೂರು ಸಲ ಓದಿ, ಗಟ್ಟಿಯಾಗಿ ಹೇಳಿಕೊಂಡು, ಆಮೇಲೆ ಹಾಕುತ್ತಿದ್ದೆ. ಓದುವವರು ಬಹಳ ಜನ ಇರಲಿಲ್ಲ. ಆದರೆ ಬೇರೆ ಪುಟವೇ ಇಲ್ಲದಿದ್ದರಿಂದ ಇದ್ದ ಕೆಲವರೇ ಹೆಚ್ಚು ಜನವಾಗಿದ್ದರು. ಕೆಲವು ವರ್ಷ ನಮ್ಮೂರಿನ ಆಕಾಶ ಮರ್ಯಾದೆಯಿಂದ ಇತ್ತು.

ಆಮೇಲೆ ಫಕೀರೇಶ 'ಗಗನದ ಗುಟ್ಟು' ಎಂಬ ಚಾನೆಲ್ ಶುರು ಮಾಡಿದ. ಬಸ್ ನಿಲ್ದಾಣದ ಪಕ್ಕದಲ್ಲಿ ಅವನದು ಮೊಬೈಲ್ ರಿಚಾರ್ಜ್ ಅಂಗಡಿ. ಒಳ್ಳೆಯ ಮನುಷ್ಯ, ಎದುರಿಗೆ ಸಿಕ್ಕರೆ ಕೈ ಮುಗಿಯದೆ ಮುಂದೆ ಹೋಗುವವನಲ್ಲ. ಅವನ ಮೊದಲನೆಯ ವಿಡಿಯೊ ಮಂಗಳ ಗ್ರಹ ಚಂದ್ರನಷ್ಟು ದೊಡ್ಡದಾಗಿ ಕಾಣಲಿದೆ ಎಂದಿತು. ಊರಿಗೆ ಊರೇ ನೋಡಿತು. ಸಂಜೆ ಮಂಗಳ ಕೆಂಪು ತಾಟಿನಷ್ಟಾಗಿ ಬಂದು ನಿಂತಿತು. ಆ ತಿಂಗಳು ಊರಿನಲ್ಲಿ ಒಂದು ಜಾತಕವೂ ಕೂಡಿಬರಲಿಲ್ಲ. ಕುಜದೋಷ ಇಲ್ಲದ ಹುಡುಗಿಯರ ಮನೆಯವರೂ ಕಿಟಕಿಗೆ ದಪ್ಪ ಪರದೆ ಹಾಕಿಸಿದರು. ಎರಡನೆಯ ವಿಡಿಯೊ, ಗ್ರಹಗಳೆಲ್ಲ ಒಂದೇ ಸಾಲಿನಲ್ಲಿ ನಿಂತು ಭೂಮಿಯ ಸೆಳೆತ ಕಡಿಮೆಯಾಗುತ್ತದೆ ಎಂದಿತು. ಅಂದು ಬೆಳಿಗ್ಗೆ ಹಂಚಿನ ಮೇಲಿನ ರೊಟ್ಟಿಗಳು ಎದ್ದು ಅಡುಗೆಮನೆಯ ಜಂತಿಗೆ ಅಂಟಿಕೊಂಡವು. ಸಂತೆಯಲ್ಲಿ ತಕ್ಕಡಿ ಕೆಳಗಿಳಿಯಲೇ ಇಲ್ಲ. ಬದನೆಕಾಯಿಯನ್ನು ಬೊಗಸೆಯ ಲೆಕ್ಕದಲ್ಲಿ ಮಾರಬೇಕೆಂದು ನಗರಸಭೆ ತುರ್ತು ಠರಾವು ಮಾಡಿತು. ಮೂರನೆಯದರಲ್ಲಿ ಚಂದ್ರ ಎರಡಾದ. ಯಾವ ಚಂದ್ರ ನಿಜವಾದದ್ದೆಂದು ಜಗಳವಾದಾಗ ನಗರಸಭೆಯ ಅಧ್ಯಕ್ಷರು ಸಮಿತಿ ಮಾಡಿದರು. ಸಮಿತಿಯು ಊರಿನ ಬಲಗಡೆಯ ಓಣಿಗಳಿಗೆ ಒಂದು ಚಂದ್ರ, ಎಡಗಡೆಯ ಓಣಿಗಳಿಗೆ ಇನ್ನೊಂದು ಎಂದು ಹಂಚಿಕೊಟ್ಟು, ಚಹಾ ಕುಡಿದು ಎದ್ದಿತು. ಮರುದಿನ ಕಚೇರಿಯ ಬಾಗಿಲಿಗೆ ಹೊಸ ಫಲಕ ಬಂತು: ಆಕಾಶದಲ್ಲಿ ಆಗುವ ಬದಲಾವಣೆಗಳಿಗೆ ನಗರಸಭೆ ಹೊಣೆಯಲ್ಲ.

ನಾನು ಕಂಡವರನ್ನೆಲ್ಲ ಕೇಳಿದೆ, ಇಂಥವನ್ನು ಯಾಕೆ ನೋಡುತ್ತೀರಿ ಎಂದು. ಎಲ್ಲರದೂ ಒಂದೇ ಉತ್ತರ. ನನ್ನ ಗಂಡ ನರಹರಿ ಕೂಡ ತೊಡೆಯ ಕೆಳಗೆ ಫೋನು ಮುಚ್ಚಿಟ್ಟುಕೊಂಡು ಅದನ್ನೇ ಹೇಳಿದರು: "ನಾ ಏನ್ ನಂಬಂಗಿಲ್ಲಪಾ. ಸುಮ್ನ ನೋಡ್ತೀನಿ, ಅಷ್ಟಽ." ಊರಿನಲ್ಲಿ ಒಬ್ಬರೂ ನಂಬಿದವರಿರಲಿಲ್ಲ. ಎಲ್ಲರೂ ಸುಮ್ಮನೆ ನೋಡುತ್ತಿದ್ದರು. ಆಕಾಶ ಮಾತ್ರ ನಂಬಿದಿರೋ ಇಲ್ಲವೋ ಎಂದು ಯಾರನ್ನೂ ಕೇಳುತ್ತಿರಲಿಲ್ಲ.

ಇದನ್ನೆಲ್ಲ ನಾನು ಸಹಿಸಿಕೊಂಡಿದ್ದೆ. ಆದರೆ ಆ ಸಂಕಷ್ಟಿಯ ದಿನ ಮಧ್ಯಾಹ್ನ ವಾಚನಾಲಯದಲ್ಲಿ ಕೂತು ಫೋನು ತೆರೆದಾಗ ಹೊಸ ವಿಡಿಯೊ ಕಂಡಿತು. 'ಇಂದು ರಾತ್ರಿ ಚಂದ್ರ ಬರುವುದಿಲ್ಲ! ವಿಜ್ಞಾನಿಗಳು ಬೆವರಿದ್ದೇಕೆ?' ಎಂದು ಫಕೀರೇಶ ಹಾಕಿದ್ದ. ನೋಡಿದವರ ಸಂಖ್ಯೆ ಹಾಲು ಉಕ್ಕಿದಂತೆ ಏರುತ್ತಿತ್ತು.

ನಮ್ಮ ಅತ್ತೆ ಗೋದಾಬಾಯಿ ಪ್ರತಿ ತಿಂಗಳು ಸಂಕಷ್ಟಿಯ ಉಪವಾಸ ಮಾಡುತ್ತಾರೆ. ತಮ್ಮ ಮಗ ನರಹರಿ ಚಿಕ್ಕವನಿದ್ದಾಗ ಜ್ವರದಲ್ಲಿ ಮಲಗಿ ಕಣ್ಣು ಬಿಡದೆ ಇದ್ದ ದಿನ ಹೊತ್ತ ಹರಕೆ ಅದು. ರಾತ್ರಿ ಚಂದ್ರನನ್ನು ನೋಡಿ, ಅರ್ಘ್ಯ ಕೊಟ್ಟು, ಆಮೇಲೆಯೇ ಊಟ. ಈಗ ಅವರಿಗೆ ಸಕ್ಕರೆ ಕಾಯಿಲೆ. ಹೋದ ಸಂಕಷ್ಟಿಗೆ ಚಂದ್ರ ತಡವಾಗಿ ಮೂಡುವಷ್ಟರಲ್ಲಿ ಅವರು ಅಡುಗೆಮನೆಯ ಬಾಗಿಲಿಗೆ ಆತು, ಹಾಗೆಯೇ ಜಾರಿ ಕೂತುಬಿಟ್ಟಿದ್ದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಮ್ಮೆ ಊಟ ಇಷ್ಟು ತಡವಾದರೆ ಎಬ್ಬಿಸುವುದಕ್ಕೆ ತಮ್ಮಿಂದ ಆಗಲಿಕ್ಕಿಲ್ಲ ಎಂದಿದ್ದರು. ಅದನ್ನು ಅತ್ತೆಗೆ ಹೇಳಿದರೆ, "ಅವರು ಔಷಧ ಕೊಡೂ ಡಾಕ್ಟರು. ಹರಕಿ ಬಿಡಸೂ ಡಾಕ್ಟರಲ್ಲ" ಎಂದು ಮಾತು ಮುಗಿಸಿದ್ದರು.

ನಾನು ವಾಚನಾಲಯಕ್ಕೆ ಬೀಗ ಹಾಕಿ ಫಕೀರೇಶನ ಅಂಗಡಿಗೆ ಹೋದೆ. ದುಂಡನೆಯ ದೀಪವೊಂದನ್ನು ಮುಖದ ಮುಂದೆ ಇಟ್ಟುಕೊಂಡು ಅವನು ಕ್ರಾಪು ತಿದ್ದಿಕೊಳ್ಳುತ್ತಿದ್ದ.

"ಬರ್ರಿ ಅಕ್ಕಾರ, ಬರ್ರಿ. ಕೂಡ್ರಿ. ಚಹಾ ತರಸ್ಲಿ?"

"ಚಹಾ ಬ್ಯಾಡ. ಆ ವಿಡಿಯೊ ತಗದುಬಿಡು ಫಕೀರೇಶಪ್ಪಾ. ಇವತ್ತ ಸಂಕಷ್ಟಿ ಅದ. ನಮ್ಮ ಅತ್ತಿ ಬೆಳಿಗ್ಗಿಂದ ಬರೇ ನೀರಿನ ಮ್ಯಾಲೆ ಇದ್ದಾರ."

"ನಮ್ಮ ಮನಿಯಾಕಿನೂ ಉಪಾಸ ಅದಾಳ್ರಿ. ಮಧ್ಯಾಹ್ನದಿಂದ ನನಗ ಬೈಯ್ಲಿಕ್ಕತ್ತಾಳ. ಬೈಕೋಂತನಽ ಎರಡು ಸಲ ವಿಡಿಯೊ ನೋಡ್ಯಾಳ."

"ಸಂಕಷ್ಟಿ ಅಂತ ಗೊತ್ತಿದ್ದೂ ಹಾಕಿದ್ಯಾ?"

"ಗೊತ್ತಿದ್ದದ್ದಕ್ಕಽ ಹಾಕೇನ್ರಿ," ಎಂದು ಅವನು ನಾನೇ ದಡ್ಡಿ ಎಂಬಂತೆ ನೋಡಿದ. "ಬ್ಯಾರೆ ದಿನ ಚಂದ್ರ ಬಂದ್ರೇನು, ಬಿಟ್ರೇನು? ಯಾರು ತಲಿ ಎತ್ತತಾರ? ಮತ್ತ ಈಗ ತಗೀಲಿಕ್ಕೂ ಬರಂಗಿಲ್ಲ. ಟಾರ್ಚ್ ಬ್ಯಾಟರಿ ಅಂಗಡಿಯವರು ಜಾಹೀರಾತು ಕೊಟ್ಟಾರ. ಚಂದ್ರ ಬಂದುಬಿಟ್ರ ಅವರ ಬ್ಯಾಟರಿ ಯಾರು ಒಯ್ತಾರ್ರಿ?"

ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಏನಾದರೂ ತಪ್ಪು ಮಾತು ಆಡಿಬಿಟ್ಟರೆ ಎಂಬ ಹೆದರಿಕೆ ನನಗೆ ಯಾವಾಗಲೂ. ಅವನೇ ಕನಿಕರದಿಂದ ಮುಂದುವರಿಸಿದ: "ನಿಮ್ಮ ಪುಟ ನಾ ದಿನಾ ನೋಡ್ತೀನ್ರಿ ಅಕ್ಕಾರ. ಭಾಳ ಛಲೋ ಮಾಹಿತಿ. ಅದನ್ನಽ ಉಲ್ಟಾ ಮಾಡಿ ನಾ ವಿಡಿಯೊ ಮಾಡ್ತೀನಿ. ಆದ್ರ ತಲಿಬರಹ ಏನ್ರಿ ಅದು, 'ಚಂದ್ರೋದಯ: ಒಂದು ಪರಿಚಯ'? ಯಾರು ಒತ್ತತಾರ್ರಿ ಅದನ್ನ? ಓದಿದ್ರ ಚಂದ್ರನಽ ಬ್ಯಾಸರಾಗಿ ಹೊದ್ದು ಮಲಗತಾನ."

ಮನೆಗೆ ಬಂದವಳೇ ಓಣಿಯ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ನನ್ನ ಪುಟದ ಕೊಂಡಿ ಹಾಕಿ, ದಯವಿಟ್ಟು ಎಲ್ಲರೂ ಒಮ್ಮೆ ತೆರೆಯಿರಿ, ಚಂದ್ರ ಬರಬೇಕಾಗಿದೆ ಎಂದು ಬೇಡಿಕೊಂಡೆ. ಕೂಡಲೇ ಮುಗಿದ ಕೈಗಳು ಬಂದವು. ಅರಳಿದ ಗುಲಾಬಿ ಬಂತು. ಗಣಪತಿ ಬಂದ. ಪಕ್ಕದ ಮನೆಯ ಪಾರಕ್ಕ 'ಬಹಳ ಉಪಯುಕ್ತ ಮಾಹಿತಿ, ಎಲ್ಲರಿಗೂ ಕಳಿಸಿ' ಎಂದು ಬರೆದಳು. ಪುಟ ತೆರೆದವರು ಯಾರೂ ಇಲ್ಲ. ಹೊಟ್ಟೆ ಹಸಿದ ಹೆಂಗಸರೆಲ್ಲ ಚಂದ್ರ ಯಾಕೆ ಬರುವುದಿಲ್ಲ ಎಂದು ತಿಳಿಯಲು 'ಗಗನದ ಗುಟ್ಟು' ನೋಡುತ್ತಿದ್ದರು.

ಚಂದ್ರ ಮೂಡಬೇಕಾದ ಹೊತ್ತು ಬಂತು, ಕಳೆಯಿತು. ನಮ್ಮ ಮನೆಯ ಮಾಳಿಗೆಯಿಂದ ನೋಡಿದರೆ ನೀರಿನ ಟಾಕಿಯ ಹಿಂದೆ ಪೂರ್ವ ದಿಕ್ಕು ಬೋಳಾಗಿತ್ತು. ಮೋಡವಿರಲಿಲ್ಲ, ನಕ್ಷತ್ರಗಳೆಲ್ಲ ಇದ್ದವು, ಒಂದು ಜಾಗ ಮಾತ್ರ ಖಾಲಿ. ಅತ್ತೆ ಗರಿಕೆ, ಕೆಂಪು ದಾಸವಾಳ, ಮೋದಕ ಇಟ್ಟ ಹರಿವಾಣ ಮುಂದಿಟ್ಟುಕೊಂಡು ಚಾಪೆಯ ಮೇಲೆ ಕೂತಿದ್ದರು. ಹಣೆಯ ಮೇಲೆ ಸಣ್ಣಗೆ ಬೆವರು ಕಾಣಿಸುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

"ಮೋಡ ಇದ್ದ ದಿನ ಪಂಚಾಂಗದ ವ್ಯಾಳ್ಯಾ ನೋಡಿ ಉಣತಿದ್ರಲ್ಲ ಅತ್ಯಾ, ಇವತ್ತೂ ಹಂಗ ಉಣ್ಣರಿ," ಎಂದೆ.

"ಮೋಡದ ಹಿಂದ ಅಂವ ಇರ್ತಿದ್ದ. ಇವತ್ತ ಇಲ್ಲೇ ಇಲ್ಲ. ಇಲ್ಲದಾಂವಗ ಅರ್ಘ್ಯ ಕೊಡೂದಂದ್ರ ಹೆಂಗವಾ?"

ನರಹರಿ ಎದ್ದು, "ರಿಕ್ಷಾ ತರ್ತೀನಿ ಅವ್ವಾ. ಊರ ದಾಟಿದ್ರ ಅಲ್ಲೆ ಚಂದ್ರ ಇದ್ದೇ ಇರ್ತಾನ, ನೋಡಿ ಬರೋಣು," ಎಂದರು.

"ಮಂದಿ ಊರ ಚಂದ್ರಗ ನಾ ಯಾಕ ಕೈ ಮುಗೀಲಿ? ನಮ್ಮಾಂವ ಸತ್ತಾನೇನು?" ಎಂದರು ಅತ್ತೆ. ದನಿ ಎಂದಿನಷ್ಟು ಗಡುಸಾಗಿರಲಿಲ್ಲ. 'ಸತ್ತಾನೇನು' ಎನ್ನುವಾಗ ನಾಲಿಗೆ ತಡವರಿಸಿತು. ಒಂದು ಚಮಚ ಸಕ್ಕರೆ ನೀರನ್ನು ತುಟಿಯ ಹತ್ತಿರ ಒಯ್ದೆ, ತುಟಿ ಬಿಗಿಹಿಡಿದರು.

ನಾನು ಮೂಲೆಗೆ ಹೋಗಿ ಫೋನು ತೆರೆದೆ. ಫಕೀರೇಶ ಹೇಳಿದ್ದು ಸರಿ, ತಲೆಬರಹ ಬದಲಾಗಬೇಕಿತ್ತು. ಆದರೆ ನಮ್ಮೂರಿನಲ್ಲಿ ತಲೆಬರಹವೂ ನಿಜವಾಗುತ್ತದೆ. 'ಚಂದ್ರನಿಗೆ ಬೆಂಕಿ' ಎಂದು ಬರೆದರೆ ಊರೆಲ್ಲ ಓಡಿಬಂದು ಒತ್ತುತ್ತದೆ, ಆದರೆ ಚಂದ್ರ ಸುಟ್ಟುಹೋಗುತ್ತಾನೆ. 'ಚಂದ್ರ ಬಿಕ್ಕಿಬಿಕ್ಕಿ ಅತ್ತ' ಎಂದರೆ ಮಾಳಿಗೆಗಳ ಮೇಲೆ ಒಣಗಲು ಹರವಿದ ಜೋಳದ ಗತಿ ಏನು? 'ಚಂದ್ರನ ಮದುವೆ' ಎಂದು ಬರೆದೆ. ಹೆಣ್ಣನ್ನು ಎಲ್ಲಿಂದ ತರುವುದು, ಅಮಾವಾಸ್ಯೆಗೆ ಅವಳನ್ನು ಎಲ್ಲಿಡುವುದು ಎಂದು ಯೋಚಿಸಿ ಅಳಿಸಿದೆ. ಜನ ಓಡಿಬಂದು ಒತ್ತುವಂಥ ಸುಳ್ಳು ಬೇಕು. ಅದು ನಿಜವಾದರೆ ಯಾರಿಗೂ ನೋವಾಗಬಾರದು. ಇಷ್ಟು ವರ್ಷ ನಿಜವನ್ನು ತೂಗಿ ತೂಗಿ ಬರೆದವಳು ಈಗ ಅಷ್ಟೇ ಎಚ್ಚರದಿಂದ ಸುಳ್ಳನ್ನು ತೂಗುತ್ತಿದ್ದೆ. ಹಿಂದಿನಿಂದ ನರಹರಿ, "ವಾರಿಜಾ, ಅವ್ವ ಮಾತಾಡವಲ್ಲಳು," ಎಂದರು.

ಆಗ ಬರೆದೆ: 'ಇಂದಿನ ಚಂದ್ರನಲ್ಲಿ ನಮ್ಮೂರಿನವರ ಮುಖ! ಯಾರದು? ನೋಡಿ!' ಯಾರದೆಂದು ಹೇಳಲಿಲ್ಲ. ಹೇಳಿದರೆ ಉಳಿದವರು ನೋಡುವುದಿಲ್ಲ. ಕೆಳಗೆ ಎಂದಿನ ಸಾಲುಗಳನ್ನು ಹಾಗೆಯೇ ಬಿಟ್ಟೆ: ಹುಣ್ಣಿಮೆ ಕಳೆದ ಮೇಲೆ ಚಂದ್ರ ದಿನದಿನಕ್ಕೂ ತಡವಾಗಿ ಮೂಡುವುದೇಕೆ, ಅವನ ಮೇಲಿನ ಕಪ್ಪು ಬಯಲುಗಳು ಏನು, ಅವುಗಳ ನಕ್ಷೆ ಯಾವ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮೂರು ಸಲ ಓದದೆಯೇ, ಮೊದಲ ಬಾರಿಗೆ, ಹಾಕಿ, ಕೊಂಡಿಯನ್ನು ಓಣಿಯ ಗುಂಪಿಗೂ ಕಳಿಸಿಬಿಟ್ಟೆ.

ಓಣಿಯಲ್ಲಿ ಫೋನುಗಳು ಒಂದರ ಹಿಂದೊಂದು ಟಿಂಗೆಂದವು. ಆಮೇಲೆ ಮನೆಮನೆಯಿಂದ ಫೋನು ಹುಡುಕುವ ಸದ್ದು. "ನಿಂದಽ ಇರಬೇಕು ತಗೋ," "ಏ, ಆಕಿ ಮಾರಿ ಚಂದ್ರನ ಮ್ಯಾಲೆ ಹಿಡೀತದೇನು?" ಎಂದು ಯಾರೋ ನಕ್ಕರು. ನನ್ನ ಪುಟ ತೆರೆದವರ ಸಂಖ್ಯೆ ಬರಬರನೆ ಏರಿತು, ಫಕೀರೇಶನ ಸಂಖ್ಯೆಯನ್ನು ಮುಟ್ಟಿತು, ದಾಟಿತು. ನೀರಿನ ಟಾಕಿಯ ಹಿಂದೆ ಬೆಳಕು ಕಾಣಿಸಿತು.

ಮೊದಲು ಕೂಗಿದವಳು ಪಕ್ಕದ ಮಾಳಿಗೆಯ ಪಾರಕ್ಕ: "ಅಯ್ಯ ಶಿವನ, ನನ್ನ ಮೂಗುಬೊಟ್ಟು ಸುದ್ದಾ ಕಾಣಸ್ತದಽ!" ನರಹರಿ ಗದ್ದ ಸವರಿಕೊಂಡು, "ಆಕಿದೆಲ್ಲಿ? ಮೀಸಿ ನೋಡು. ನಾನಽ ಅದು," ಎಂದರು. ಎದುರುಮನೆಯವರು ತಮ್ಮದೆಂದರು. ಅಧ್ಯಕ್ಷರ ಮನೆಯ ಕಡೆಯಿಂದ ಪಟಾಕಿ ಹಾರಿತು. ಆಕಾಶದ ಬದಲಾವಣೆಗೆ ಹೊಣೆಯಲ್ಲ ಎಂದಿದ್ದ ನಗರಸಭೆ, ಅಧ್ಯಕ್ಷರ ಸೇವೆಯನ್ನು ಮೆಚ್ಚಿ ಚಂದ್ರನೇ ಅವರ ರೂಪ ತಾಳಿದ್ದಾನೆಂದು ಮೈಕಿನಲ್ಲಿ ಸಾರಿತು. ಯಾರದೆಂದು ನಾನು ಹೇಳದೆ ಬಿಟ್ಟಿದ್ದರಿಂದ ಆಕಾಶ ಯಾರನ್ನೂ ಬಿಟ್ಟಿರಲಿಲ್ಲ. ನೋಡಿದವರಿಗೆಲ್ಲ ಅವರವರ ಮುಖವೇ ಕಂಡಿತು. ನಾನೂ ನೋಡಿದೆ. ಹುಬ್ಬುಗಳ ನಡುವೆ ಗಂಟು ಹಾಕಿಕೊಂಡು, ಎಲ್ಲಿ ಏನು ತಪ್ಪಾಯಿತೋ ಎಂದು ಹುಡುಕುತ್ತಿರುವ ಹೆಂಗಸೊಬ್ಬಳು ಮೇಲಿನಿಂದ ನನ್ನನ್ನೇ ನೋಡುತ್ತಿದ್ದಳು.

"ಅತ್ಯಾ, ಚಂದ್ರ ಬಂದ! ಅರ್ಘ್ಯ ಕೊಡ್ರಿ!" ಎಂದು ಅವರ ಹೆಗಲು ಹಿಡಿದು ಎಬ್ಬಿಸಿ ನಿಲ್ಲಿಸಿದೆ. ಅತ್ತೆ ಹರಿವಾಣ ಎತ್ತಿ, ತಲೆ ಎತ್ತಿ ನೋಡಿದರು. ಬಹಳ ಹೊತ್ತು ನೋಡಿದರು.

"ಇದು ನನ್ನ ಮಾರಿ," ಎಂದರು.

"ಇರ್ಲಿ ಅತ್ಯಾ. ಹಿಂದ ಚಂದ್ರ ಅದಾನ."

"ನನ್ನ ಮಾರಿಗೆ ನಾನಽ ಅರ್ಘ್ಯ ಕೊಡೂದು, ನನಗ ನಾನಽ ಆರತಿ ಮಾಡ್ಕೊಳ್ಳೂದು? ನಾನೇನು ಅಧ್ಯಕ್ಷರೇನು?" ಹರಿವಾಣ ಕೆಳಗಿಟ್ಟುಬಿಟ್ಟರು. "ಚಂದ್ರನ್ನ ನೋಡೂತನಕ ನಾ ಉಣ್ಣಂಗಿಲ್ಲ."

ಹೇಳಿದವರೇ ಕುಸಿದರು. ನಾನು ಹಿಡಿದುಕೊಂಡೆ. ಮೈ ತಣ್ಣಗಾಗಿತ್ತು, ಮುಖವೆಲ್ಲ ಬೆವರು. ನರಹರಿ ಡಾಕ್ಟರಿಗೆ ಫೋನು ಮಾಡಲು ನೋಡಿದರೆ ಲೈನು ಸಿಗಲಿಲ್ಲ. ಊರೆಲ್ಲ ಒಬ್ಬರಿಗೊಬ್ಬರು ಫೋನು ಮಾಡಿ ತಮ್ಮ ಮುಖ ಕಂಡಿತೆಂದು ಹೇಳುತ್ತಿದ್ದರು. ನಾನು ಅವರ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಬೆವರು ಒರೆಸಲು ಅವರ ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಸೆರಗಿನಿಂದ ಹಣೆ, ಕಣ್ಣು ಒರೆಸಿದೆ. ನನ್ನಿಂದ ಒಬ್ಬರ ಜೀವ ಹೋಗುತ್ತಿದೆ, ಅದೂ ಒಂದು ತಲೆಬರಹಕ್ಕೆ ಎಂಬ ಯೋಚನೆಯೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಅತ್ತೆ ಕಣ್ಣು ಬಿಟ್ಟರು. ನನ್ನ ಹೆಗಲಿನಾಚೆ ಏನನ್ನೋ ನೋಡಿದರು. ಕಣ್ಣು ಕಿರಿದಾಗಿಸಿ ಮತ್ತೆ ನೋಡಿದರು.

"ಬಂದ ನೋಡು," ಎಂದರು. "ಈಗ ಬಂದ. ಎಲ್ಲೆ ಹೋಗಿದ್ದನೋ ಇಷ್ಟೊತ್ತು."

ನಾನು ಹಿಂದೆ ತಿರುಗಿ ನೋಡಿದೆ. ಚಂದ್ರನ ಮೇಲೆ ನಾನೇ ಇದ್ದೆ, ಬಾಯಿ ತೆರೆದುಕೊಂಡು. ಕನ್ನಡಕ ಪಕ್ಕದಲ್ಲಿ ಚಾಪೆಯ ಮೇಲಿತ್ತು. ಅದಿಲ್ಲದೆ ಅತ್ತೆಗೆ ಮೊಳದಾಚೆಯ ಮನುಷ್ಯರ ಮೂಗು ಬಾಯಿ ಗೊತ್ತಾಗುವುದಿಲ್ಲ. ನಾನು ಅದನ್ನು ಸದ್ದಿಲ್ಲದೆ ನನ್ನ ಸೆರಗಿನ ಕೆಳಗೆ ಸರಿಸಿಕೊಂಡೆ. ಮಲಗಿದಲ್ಲಿಂದಲೇ ಅವರು ಕೈಯೆತ್ತಿ ಅರ್ಘ್ಯ ಕೊಟ್ಟರು. ಅರ್ಧ ನೀರು ನನ್ನ ಮೇಲೆಯೇ ಬಿತ್ತು. ಆಮೇಲೆ ಬಾಯಿ ತೆರೆದರು. ಮೋದಕದೊಳಗಿನ ಬೆಲ್ಲವನ್ನು ಬೆರಳಿನಿಂದ ತೆಗೆದು ನಾಲಿಗೆಯ ಮೇಲೆ ಇಟ್ಟೆ. ಎರಡನೆಯ ಮೋದಕವನ್ನು ಅವರೇ ಕೈಯಲ್ಲಿ ಹಿಡಿದು ತಿಂದರು. ಮೂರನೆಯದಕ್ಕೆ ತುಪ್ಪ ಕೇಳಿದಾಗ ನರಹರಿ ಗೋಡೆಗೆ ಒರಗಿ ಕೂತು ಅತ್ತುಬಿಟ್ಟರು.

ಆ ಮುಖ ಮಾತ್ರ ಚಂದ್ರನ ಮೇಲಿಂದ ಇಳಿಯಲಿಲ್ಲ. ಮರುದಿನವೇ ನಾನು ಹೊಸ ಪುಟ ಹಾಕಿ, ಚಂದ್ರನಿಗೆ ಯಾರ ಮುಖವೂ ಇಲ್ಲ, ಅಲ್ಲಿರುವುದು ಕುಳಿ ಮತ್ತು ಧೂಳು ಎಂದು ಸ್ಪಷ್ಟವಾಗಿ ಬರೆದೆ. ನನ್ನನ್ನು ಬಿಟ್ಟು ಅದನ್ನು ತೆರೆದವನು ಫಕೀರೇಶ ಒಬ್ಬ. ಅವನೂ ಉಲ್ಟಾ ಮಾಡುವುದಕ್ಕೆ. ಹಳೆಯ ಪುಟವನ್ನು ಅಳಿಸಿದೆ. ಅಷ್ಟರಲ್ಲಿ ಊರಿನ ಪ್ರತಿಯೊಬ್ಬರೂ ಅದನ್ನು ತಮ್ಮ ತಮ್ಮ ಫೋನಿನಲ್ಲಿ ಇಟ್ಟುಕೊಂಡಿದ್ದರು, ದಿನಾ ತೆರೆಯುತ್ತಿದ್ದರು. ತಮ್ಮ ಮುಖವನ್ನು ಆಕಾಶದಿಂದ ಇಳಿಸಲು ಯಾರಿಗೆ ಮನಸ್ಸು ಬರುತ್ತದೆ? ಈಗ ಚಂದ್ರೋದಯಕ್ಕೆ ಮೊದಲು ಎಲ್ಲರೂ ತಲೆ ಬಾಚಿಕೊಂಡು ಮಾಳಿಗೆ ಹತ್ತುತ್ತಾರೆ. ಅಮಾವಾಸ್ಯೆ ಹತ್ತಿರವಾದಾಗ ಮುಖ ಸೊರಗಿತೆಂದು ಟಾನಿಕ್ ಕುಡಿಯುತ್ತಾರೆ. ಖಗೋಳದ ಬಗ್ಗೆ ಜನರಲ್ಲಿ ಇಷ್ಟು ಆಸಕ್ತಿ ಹುಟ್ಟಿಸಿದ್ದಕ್ಕೆ ನಗರಸಭೆ ನನಗೆ ಶಾಲು ಹೊದಿಸಿತು. ನಾನು ಬೇಡವೆನ್ನಲು ಸರಿಯಾದ ಪದ ಹುಡುಕುತ್ತಿರುವಾಗಲೇ ಹೊದಿಸಿ ಫೋಟೊ ತೆಗೆದಾಗಿತ್ತು.

ನನ್ನ ಕಣ್ಣು ಚೆನ್ನಾಗಿದೆ. ಚೆನ್ನಾಗಿದೆಯಲ್ಲ ಎಂದು ಈಗ ಬೇಸರವಾಗುತ್ತದೆ. ಎಷ್ಟು ಕಿರಿದಾಗಿಸಿದರೂ ಆ ಗಾಬರಿಯ ಹೆಂಗಸು ಮಸುಕಾಗುವುದಿಲ್ಲ. ಆದರೆ ಪುಟದಲ್ಲಿ ದಿನದ ನಾಲ್ಕು ಸಾಲು ಬರೆಯುವುದನ್ನು ಬಿಟ್ಟಿಲ್ಲ. ಯಾರೂ ಓದುವುದಿಲ್ಲವಾದ್ದರಿಂದ ಈಗ ಅಂಗೈ ಬೆವರುವುದಿಲ್ಲ. ಸಂಜೆ ಅತ್ತೆಯನ್ನು ಮಾಳಿಗೆಗೆ ಕರೆದುಕೊಂಡು ಹೋಗುತ್ತೇನೆ. ಅವರು ತಾವೇ ಕನ್ನಡಕ ತೆಗೆದು ನನ್ನ ಕೈಗೆ ಕೊಡುತ್ತಾರೆ.

"ಇವತ್ತ ಹೆಂಗ ಅದಾನ, ಅತ್ಯಾ?" ಎಂದು ಕೇಳುತ್ತೇನೆ.

ಅವರು ಸೊಂಟದ ಮೇಲೆ ಕೈಯಿಟ್ಟು, ಸಂತೆಯಲ್ಲಿ ಕುಂಬಳಕಾಯಿ ಆರಿಸುವವರ ಹಾಗೆ ಬಹಳ ಹೊತ್ತು ನೋಡುತ್ತಾರೆ.

"ಬೆಳ್ಳಗ ಅದಾನ. ಒಂದು ಮಗ್ಗಲಕ ತುಸು ಸವದಾನ," ಎನ್ನುತ್ತಾರೆ. "ಅಷ್ಟಽ ಬರಿ. ಮತ್ತೇನೂ ಸೇರಸಬ್ಯಾಡ."